ನುಸಿಯಮ್ಮನಿಗೆ ರೆಕ್ಕೆ ಬಂದದ್ದು

ಸ್ವಾಮಿ ಲೋಕವನ್ನು ಆಗಷ್ಟೇ ಮಾಡಿ ಮುಗಿಸಿದ್ದ ಕಾಲ, ಮಗು. ಅವನ ಕೈಗೆ ಮೆತ್ತಿದ ಮಣ್ಣು ಇನ್ನೂ ಒಣಗಿರಲಿಲ್ಲ.

ರೆಕ್ಕೆಗಳನ್ನೆಲ್ಲ ಹಂಚಿಯಾದ ಮೇಲೆ ಸಾಸಿವೆಗಿಂತ ಸಣ್ಣ ನುಸಿಯಮ್ಮ ಮಕ್ಕಳನ್ನು ಕಟ್ಟಿಕೊಂಡು ಬಂದಳು. "ಸ್ವಾಮಿ, ನಮಗೆ?"

"ನಿನಗೆ ರೆಕ್ಕೆ ಹಚ್ಚಿದರೆ ನೀನೇ ಕಾಣುವುದಿಲ್ಲವಲ್ಲೇ!" ಸ್ವಾಮಿ ನಕ್ಕ. "ಕಾದಿರು. ನಿನ್ನ ರೆಕ್ಕೆ ನಿನ್ನನ್ನು ಹುಡುಕಿಕೊಂಡು ಬರುತ್ತದೆ."

ಗೋಮಾಳದಲ್ಲಿ ಬಿದ್ದಿದ್ದ ಸಗಣಿಯಲ್ಲಿ ನುಸಿಯಮ್ಮ ಮನೆ ಮಾಡಿದಳು. ಸಗಣಿ ಅಂಚಿನಿಂದ ಒಣಗತೊಡಗಿತು. ತೇವ ಆರಿದರೆ ಮಕ್ಕಳು ಉಳಿಯುವುದಿಲ್ಲ. ಹಸಿ ಸಗಣಿ ಇರುವುದು ಹೊಳೆಯಾಚೆ. ನಡೆದು ಮುಟ್ಟುವ ದಾರಿಯೇ ಅದು?

"ಬಂತೇನಮ್ಮ ನಮ್ಮ ರೆಕ್ಕೆ?"

"ಬರುತ್ತೆ ಕಂದ. ಸ್ವಾಮಿ ಹೇಳಿದ್ದಾನಲ್ಲ."

ಒಂದು ಬೆಳಿಗ್ಗೆ ಸಗಣಿಹುಳ ಬಂದಿಳಿದಳು. ಮಿರಮಿರ ಕರಿ ಮೈ, ಬೆನ್ನ ಚಿಪ್ಪಿನಡಿ ಮಡಿಸಿಟ್ಟ ರೆಕ್ಕೆ. ನುಸಿಗಳೆಲ್ಲ ಸಂತೋಷದಿಂದ ಅವಳ ಕಾಲು ಹತ್ತಿದವು.

"ಥೂ, ಇಳೀರಿ! ನಾನು ಮಡಿಯಲ್ಲಿದ್ದೇನೆ!"

ಅಲ್ಲೇ ಸುಳಿಯುತ್ತಿದ್ದ ಗಾಳಿಗೆ ನಗು ತಡೆಯಲಾಗಲಿಲ್ಲ. "ಸಗಣಿಯಲ್ಲೇ ಹೊರಳುವವಳಿಗೆ ಅದೆಂಥ ಮಡಿ ಮಾರಾಯ್ತಿ?"

"ಗೋಮಯ ಶುದ್ಧ ಕಣೋ! ಇವು ಮೈಲಿಗೆ," ಎಂದು ಮರಳಿನಲ್ಲಿ ಮೈ ಉಜ್ಜಿ, ನುಸಿಗಳನ್ನು ಕೊಡವಿ, ಹೊಳೆಯಾಚೆ ಹಾರಿಹೋದಳು.

ನುಸಿಯಮ್ಮ ಆ ದಿಕ್ಕನ್ನೇ ನೋಡುತ್ತಾ ಕೂತಳು.

ಹೊಳೆಯಾಚೆ ಸಗಣಿಹುಳ ಚೆಂದದ ಉಂಡೆ ಕಟ್ಟಿ, ಅದರೊಳಗೆ ಮೊಟ್ಟೆಯಿಟ್ಟು, ಮಣ್ಣಲ್ಲಿ ಹೂತಳು. ಆದರೆ ನೊಣಗಳು ಮೊದಲೇ ಆ ಸಗಣಿಯಲ್ಲಿ ಮೊಟ್ಟೆಯಿಟ್ಟಿದ್ದವು. ನೊಣದ ಮರಿಗಳು ಉಂಡೆಯನ್ನೆಲ್ಲ ತಿಂದವು. ಅವಳ ಮರಿ ಹಸಿದು ಸತ್ತಿತು. ಮತ್ತೆ ಉಂಡೆ ಕಟ್ಟಿದಳು. ಮತ್ತೆ ಹಾಗೇ ಆಯಿತು.

"ಅಳಬೇಡ ಕಣೇ," ಎಂದಿತು ಗಾಳಿ. "ನೀನು ಕೊಡವಿ ಬಂದೆಯಲ್ಲ, ಆ ನುಸಿಗಳಿಗೆ ನೊಣದ ಮೊಟ್ಟೆಯೇ ಊಟ."

ಸಗಣಿಹುಳ ಕಣ್ಣೊರೆಸಿಕೊಳ್ಳದೆ ಹೊಳೆ ದಾಟಿ ಬಂದಳು. ಸಗಣಿ ಕುಳ್ಳಿನಂತೆ ಒಣಗಿತ್ತು. ನಡುವೆ ಉಳಿದ ಒಂದು ಹನಿ ತೇವದ ಸುತ್ತ ಮಕ್ಕಳನ್ನು ತಬ್ಬಿಕೊಂಡು ನುಸಿಯಮ್ಮ ಇನ್ನೂ ಆಕಾಶ ನೋಡುತ್ತಿದ್ದಳು.

"ನನ್ನ ಮೈಮೇಲೆ ಹತ್ತು ತಾಯಿ," ಎಂದಳು ಸಗಣಿಹುಳ.

"ನಿನ್ನ ಮಡಿ?"

"ನನ್ನ ಮಡಿ ನನ್ನ ಮಕ್ಕಳನ್ನೇ ನುಂಗಿತು. ಹತ್ತು."

"ನೋಡಿದಿರೇನ್ರೋ," ಎಂದಳು ನುಸಿಯಮ್ಮ ಮಕ್ಕಳಿಗೆ, "ಹುಡುಕಿಕೊಂಡೇ ಬಂತು!"

ಸಗಣಿಹುಳ ರೆಕ್ಕೆ ಬಿಚ್ಚಿದಳು. ಹಾರಲಿಲ್ಲ. ಒಮ್ಮೆ ಬಿಟ್ಟುಹೋದವಳಲ್ಲವೇ, ಕೊನೆಯ ಕೂಸು ಹತ್ತುವವರೆಗೂ ಕಾದಳು.

ಅದಕ್ಕೇ ಮಗು, ಸಗಣಿಹುಳದ ಹೊಟ್ಟೆಯಡಿ ಇವತ್ತಿಗೂ ಕಂದು ಚುಕ್ಕಿಗಳಂತೆ ನುಸಿಗಳು ಕೂತಿರುತ್ತವೆ. ಹಾರುವ ಮೊದಲು ಅದು ಒಂದು ಗಳಿಗೆ ಗುಂಯ್ ಎನ್ನುತ್ತಾ ನಿಂತರೆ, ಎಲ್ಲರೂ ಹತ್ತಿದಿರಾ ಎಂದು ಕೇಳುತ್ತಿದೆ ಅಂತ ತಿಳಿ.