ಹಾಲು ಕದ್ದ ಬೆಕ್ಕಿಗೆ ರಾಗಿ ಕಾವಲು

ಗೌಡರ ಮನೆಯ ಕೆನೆಹಾಲು ಕದ್ದು ಕುಡಿದು, ಪಂಜರದಲ್ಲಿ ಸಜೆ ಮುಗಿಸಿ ಬಂದ ಬೂದಿ ಬೆಕ್ಕಿಗೆ ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿದಾಗ ಅದು ಇಲಿ ಕಾಟದಿಂದ ಬೇಸತ್ತಿದ್ದ ರಾಗಿ ಕಣಜದ ಮುಂದೆ ಹೋಗಿ ನಿಂತಿತು. ಕಣಜಮ್ಮನ ಪದ್ಧತಿಯೇ ಬೇರೆ. ಮೊದಲು ಕೆಲಸ ನೋಡೋದು, ಆಮೇಲೆ ಪೂರ್ವಾಪರ ಕೇಳೋದು. ಬೆಕ್ಕು ಒಂದೇ ನೆಗೆತಕ್ಕೆ ಇಲಿ ಹಿಡಿದು ತೋರಿಸಿತು.

ಸೂರಿನ ಮೇಲಿದ್ದ ಕಾಗೆಗೆ ತಡೆಯಲಾಗಲಿಲ್ಲ. "ಅಯ್ಯೋ ಕಣಜಮ್ಮ, ಇವಳು ಜೈಲು ಕಂಡವಳು ಕಣೇ. ಹಾಲುಗಳ್ಳಿ."

ಬೆಕ್ಕಿನ ಬಾಲ ಇಳಿದುಹೋಯಿತು. "ನಿಜ ತಾಯಿ, ಕುಡಿದಿದ್ದೆ. ಶಿಕ್ಷೆಯೂ ಮುಗಿಸಿದೆ," ಎಂದು ಹೊರಡಲು ಎದ್ದಿತು.

"ಕೂತ್ಕೊ. ನನ್ನ ಹೊಟ್ಟೆಯೊಳಗೆ ಏನಿದೆ?"

"ರಾಗಿ."

"ತಿಂತೀಯಾ?"

"ರಾಗಿ ಕಾಳು ಮುಕ್ಕೋ ಬೆಕ್ಕು ಎಲ್ಲಾದರೂ ಉಂಟೇ ತಾಯಿ?"

"ಹಾಗಾದರೆ ಇವತ್ತಿಂದಲೇ ಬಾ. ಹಾಲಿನ ಗಡಿಗೆ ಕಾಯ್ತೀನಿ ಅಂತ ಮಾತ್ರ ಕೇಳಬೇಡ. ಏ ಕಾಗೆ, ನಿನ್ನೆ ನೀನೂ ಇದೇ ಕೆಲಸ ಕೇಳಿದೆಯಲ್ಲ? ನಿನಗೆ ರೆಕ್ಕೆ ಇದೆ, ಅದಕ್ಕೇ ಸಿಕ್ಕಿಬಿದ್ದಿಲ್ಲ."

ಎದೆಗಾರ್ತಿ ಅಂದರೆ ಆ ಕಣಜಮ್ಮ. ಕಾಗೆಗೆ ಮೈಯೆಲ್ಲ ಉರಿಯಿತು. ಜೈಲಿಂದ ಬಂದ ಬೆಕ್ಕಿಗೆ ಕಾವಲು ಸಿಕ್ಕಿತು ಅಂತ ಬಿಲಬಿಲಕ್ಕೂ ಕೇಳುವಂತೆ ಸಾರಿಕೊಂಡು ಹೋಯಿತು. ಬೆಕ್ಕು ಕಾವಲಿಗೆ ಕೂರುವ ಮೊದಲೇ ಇಲಿಗಳು ಸಂಸಾರ ಸಮೇತ ಊರು ಬಿಟ್ಟವು.