ಹುಲಿಗೆವ್ವ ಕೊಟ್ಟ ದೂರು

ನದಿಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಬೊಮ್ಮಯ್ಯ ಎಂಬ ಗುರುಗಳಿದ್ದರು. ಅವರ ಬಳಿ ಮಲ್ಲಿನಾಥ ಎಂಬ ಶಿಷ್ಯನಿದ್ದ.

ಈ ಆಶ್ರಮಕ್ಕೆ ಒಂದು ವಿಚಿತ್ರವಾದ ಕೆಲಸವಿತ್ತು. ಪಕ್ಕದ ಪಟ್ಟಣದ ಠಾಣೆಯವರು ಯಾರಿಗಾದರೂ ಅನ್ಯಾಯ ಮಾಡಿದರೆ ಆ ದೂರಿನ ವಿಚಾರಣೆ ಇಲ್ಲಿ ನಡೆಯುತ್ತಿತ್ತು.

ಯಾಕೆಂದು ಹೇಳಬೇಕು. ಠಾಣೆಯವರ ಮೇಲಿನ ದೂರನ್ನು ಠಾಣೆಯವರೇ ವಿಚಾರಿಸಿದರೆ ಏನಾಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಊರ ಪಂಚರು, ಸಮವಸ್ತ್ರ ತೊಡದವರು, ಲಾಠಿ ಹಿಡಿಯದವರು ಇದನ್ನು ನೋಡಲಿ ಎಂದು ಗುರುಗಳಿಗೆ ಒಪ್ಪಿಸಿದ್ದರು. ಗುರುಗಳು ಕಂಡುಕೊಂಡಿದ್ದನ್ನು ಪಂಚರು ಜಾರಿ ಮಾಡಬೇಕು. ಹಾಗೆಂದು ಮಾತಾಗಿತ್ತು.

ಒಂದು ದಿನ ಹುಲಿಗೆವ್ವ ಬಂದಳು. ಅವಳು ನದಿಯಲ್ಲಿ ಹರಿಗೋಲು ನಡೆಸಿ ಜನರನ್ನು ದಾಟಿಸುವವಳು. ಅವಳ ಬಲಗೈಗೆ ಬಟ್ಟೆಯ ಕಟ್ಟು ಹಾಕಿತ್ತು.

“ಏನಾಯ್ತವ್ವ?” ಎಂದರು ಗುರುಗಳು.

“ಸಂತಿ ದಿನಾರೀ ಅಪ್ಪಾರ. ಹರಿಗೋಲಿನಾಗ ಏಳು ಮಂದಿ ಕುಂತಿದ್ರು. ದಫೇದಾರ ರಣೋಜಿ ಪೇದೆಗಳನ್ನ ಕರಕೊಂಡು ಬಂದು, ‘ಇವರನ್ನೆಲ್ಲ ಇಳಸು, ನನ್ನ ಮೊದಲು ದಾಟಸು’ ಅಂದ. ‘ಸರದಿ ಐತಿ, ನಿಂದರ್ರಿ ಸಾಹೇಬ್ರ’ ಅಂದೆ. ತಿರುಗಿ ನಿಂತೆ, ಹಿಂದಿನಿಂದ ಅವನ ಲಾಠಿ ಬಿತ್ತು. ಕೈ ಮುರೀತು.”

“ಹರಿಗೋಲು ಎಲ್ಲಿದೆ?”

“ಎಳಕೊಂಡು ಹೋಗಿ ಠಾಣೆ ಅಂಗಳದಾಗ ಹಾಕ್ಯಾರ. ಬರೋ ಅಮಾಸಿಗೆ ಒಡದು ಒಲಿಗೆ ಹಾಕ್ತಾರಂತ. ಕೈ ಕೂಡಿಕೊಂತೈತ್ರಿ. ಹರಿಗೋಲು ಹೋದ್ರ ನಾ ಹೋದಂಗ.”

ಅಮಾವಾಸ್ಯೆಗೆ ಎಂಟೇ ದಿನ ಉಳಿದಿತ್ತು.

“ಗುರುಗಳೇ, ಇದನ್ನು ನಾನೇ ವಿಚಾರಿಸುತ್ತೇನೆ” ಎಂದ ಮಲ್ಲಿನಾಥ.

“ಆಗಲಿ” ಎಂದರು ಗುರುಗಳು.

ನಾಲ್ಕನೆಯ ದಿನ ಅವನು ಕಾಗದಗಳನ್ನು ತಂದು ಗುರುಗಳ ಮುಂದೆ ಇಟ್ಟ.

“ಗುರುಗಳೇ, ದೂರು ನಿಲ್ಲುವುದಿಲ್ಲ.”

“ಯಾಕೆ?”

“ದಫೇದಾರರೂ ಮೂವರು ಪೇದೆಗಳೂ ಹೇಳಿಕೆ ಕೊಟ್ಟಿದ್ದಾರೆ. ‘ಸದರಿ ಹೆಂಗಸು ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿ, ಬಲಗೈ ಊರಿ ಬಿದ್ದಳು.’ ನಾಲ್ವರದೂ ಒಂದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹರಿಗೋಲಿನಲ್ಲಿದ್ದ ಏಳು ಮಂದಿಯಲ್ಲಿ ಒಬ್ಬರೂ ಬರಲೇ ಇಲ್ಲ.”

“ಅವರನ್ನು ಹೇಗೆ ಕರೆದೆ?”

“ಚೀಟಿ ಬರೆದೆ. ಅವರ ಮನೆಗಳು ನನಗೆ ಗೊತ್ತಿರಲಿಲ್ಲ. ಪೇದೆಗಳಿಗೆ ಎಲ್ಲರ ಮನೆಯೂ ಗೊತ್ತು. ಅವರ ಕೈಯಲ್ಲೇ ಕಳುಹಿಸಿದೆ. ಪಾಪ, ಕೇಳಿದ ಕೂಡಲೇ ಒಪ್ಪಿಕೊಂಡರು.”

ಗುರುಗಳು ಒಳಗೆ ಹೋಗಿ ಒಂದು ಹಿಡಿ ನವಣೆ ತಂದರು. ಇನ್ನೊಂದು ಕೈಯಲ್ಲಿ ಆಶ್ರಮದ ಬೆಕ್ಕಿತ್ತು.

“ಅಂಗಳಕ್ಕೆ ಹೋಗಿ ಗುಬ್ಬಿಗಳನ್ನು ಕರೆ. ಬೆಕ್ಕನ್ನು ಎತ್ತಿಕೊಂಡು ಹೋಗು.”

“ಬೆಕ್ಕು ಯಾಕೆ, ಗುರುಗಳೇ?”

“ಅದಕ್ಕೆ ಎಲ್ಲ ಗುಬ್ಬಿಗಳ ಮನೆಯೂ ಗೊತ್ತು.”

ಮಲ್ಲಿನಾಥ ಬಹಳ ಹೊತ್ತು ಅಂಗಳದಲ್ಲಿ ನಿಂತ. ನವಣೆ ಚೆಲ್ಲಿದ, ಬಾಯಲ್ಲಿ ಚಿವ್ ಚಿವ್ ಎಂದ. ಒಂದು ಗುಬ್ಬಿಯೂ ಸೂರಿನಿಂದ ಇಳಿಯಲಿಲ್ಲ. ಬೆಕ್ಕು ಮಾತ್ರ ಅವನ ತೋಳಿನಲ್ಲಿ ಸುಖವಾಗಿತ್ತು.

ಆಗ ಅವನಿಗೆ ತಿಳಿಯಿತು. ಪೇದೆಗಳ ಮೇಲೆ ಮಾತನಾಡಬೇಕಾದವರನ್ನು ಅವನು ಪೇದೆಗಳಿಂದಲೇ ಕರೆಸಿದ್ದ. ಅವನು ಲಂಚ ತಿಂದಿರಲಿಲ್ಲ, ಯಾರಿಗೂ ಹೆದರಿರಲಿಲ್ಲ. ತನ್ನ ಅನುಕೂಲವನ್ನು ನೋಡಿಕೊಂಡಿದ್ದ, ಅಷ್ಟೇ. ಅಷ್ಟಕ್ಕೇ ಏಳು ಬಾಯಿ ಮುಚ್ಚಿದ್ದವು.

ಬೆಕ್ಕನ್ನು ಕೆಳಗೆ ಬಿಟ್ಟು, ಆ ಏಳು ಮಂದಿಯ ಮನೆಗಳನ್ನು ಕೇಳಿಕೊಂಡು ಅವನು ತಾನೇ ನಡೆದು ಹೊರಟ.

ಮೊದಲು ಸಿಕ್ಕಿದವಳು ಈರಮ್ಮಜ್ಜಿ. ಮನೆಯ ಮುಂದೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

“ಚೀಟಿ ಮುಟ್ಟಿತೇ ಅಜ್ಜಿ?”

“ಮುಟ್ಟಿತಪ್ಪ. ತಂದ ಪೇದೆನೇ ಓದಿ ಹೇಳಿದ. ‘ಹೋಗೋದಾದ್ರ ಹೋಗಜ್ಜಿ, ಆದ್ರ ನೀ ಸಂತಿಗೆ ಬರೋ ದಾರಿ ನಮ್ಮ ಠಾಣೆ ಮುಂದ ಐತಿ’ ಅಂದ. ನಿಮ್ಮ ಗುರುಗಳು ಭಾಳ ಶಾಣ್ಯಾ ಮಂದೀನ್ನ ಹುಡುಕಿ ಕಳಸ್ಯಾರ ಬಿಡು!”

“ಕಳುಹಿಸಿದ್ದು ಗುರುಗಳಲ್ಲ ಅಜ್ಜಿ. ನಾನು.”

“ನೀನಾ? ನೋಡಾಕ ನಾಕಕ್ಷರ ಕಲತವನಂಗ ಕಾಣ್ತೀಯಲ್ಲೋ!”

ಮಲ್ಲಿನಾಥ ಪಕ್ಕದಲ್ಲಿ ಕೂತು ತಾನೂ ತೊಟ್ಟು ಬಿಡಿಸತೊಡಗಿದ. ಅಭ್ಯಾಸವಿಲ್ಲದ ಬೆರಳು ಉರಿಯಿತು. ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡ. ಕಣ್ಣಿನಿಂದ ನೀರು ಸುರಿಯಿತು.

ಅಜ್ಜಿ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ, ಅವನು ಕೇಳದೆಯೇ ಆ ದಿನ ನಡೆದದ್ದನ್ನೆಲ್ಲ ಹೇಳಿದಳು.

ಹೀಗೆ ಮೂರು ದಿನ ತಿರುಗಿ ಏಳು ಮಂದಿಯಲ್ಲಿ ಐವರನ್ನು ಒಪ್ಪಿಸಿ ಹೇಳಿಕೆ ಬರೆದುಕೊಂಡ. ಆದರೆ ಆಶ್ರಮಕ್ಕೆ ಮರಳಿದಾಗ ಮುಖ ಬಾಡಿತ್ತು.

“ಗುರುಗಳೇ, ಒಬ್ಬೊಬ್ಬರದು ಒಂದೊಂದು ಮಾತು. ಲಾಠಿ ಎರಡು ಸಲ ಬಿತ್ತು ಎಂದು ಒಬ್ಬರು, ಒಂದೇ ಸಲ ಎಂದು ಇನ್ನೊಬ್ಬರು. ದಫೇದಾರ ಬೈದ ಎಂದು ಒಬ್ಬರು, ಬಾಯೇ ತೆರೆಯಲಿಲ್ಲ ಎಂದು ಇನ್ನೊಬ್ಬರು. ಸ್ವಲ್ಪ ತಿದ್ದಿ ಒಂದೇ ಸಮ ಮಾಡಲೇ?”

“ಒಂದಕ್ಷರವನ್ನೂ ಮುಟ್ಟಬೇಡ. ನಾಳೆ ಎರಡೂ ಕಡೆಯವರು ನದಿಯ ಮೆಟ್ಟಿಲ ಹತ್ತಿರ ಬರಲಿ.”

“ನಾನು ಏನು ತರಲಿ? ಹೇಳಿಕೆಗಳನ್ನೇ?”

“ಸುಣ್ಣ ತಾ.”

ಮರುದಿನವೇ ಅಮಾವಾಸ್ಯೆ. ಬೆಳಿಗ್ಗೆಯೇ ಪಂಚರು ಬಂದರು. ಅವರ ಹಿಂದೆ ಅರ್ಧ ಪಟ್ಟಣವೇ ಬಂತು. ಹುಲಿಗೆವ್ವ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಗುರುಗಳು ಹೇಳಿಕೆ ಕೊಟ್ಟವರನ್ನೆಲ್ಲ ಒಂದು ಗೋಡೆಯ ಹಿಂದೆ ಕೂರಿಸಿದರು. ಅಲ್ಲಿಂದ ಮೆಟ್ಟಿಲು ಕಾಣುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಕರೆದು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು.

“ಹುಲಿಗೆವ್ವನ ಕೈ ಮುರಿದದ್ದು ಯಾವ ಮೆಟ್ಟಿಲ ಮೇಲೆ? ಅಲ್ಲಿ ಸುಣ್ಣ ಹಚ್ಚು.”

ಪ್ರತಿಯೊಬ್ಬರು ಹಚ್ಚಿದ ಮೇಲೆ ಮಲ್ಲಿನಾಥ ಅದನ್ನು ಬರೆದುಕೊಂಡು, ಮುಂದಿನವರಿಗೆ ಕಾಣದಂತೆ ನೀರು ಹಾಕಿ ತೊಳೆದು, ಹಚ್ಚಿದವರನ್ನು ದಡದ ಮರದ ಕೆಳಗೆ ಬೇರೆಯಾಗಿ ನಿಲ್ಲಿಸಿದ.

ಮೊದಲನೆಯ ಪೇದೆ ಮೇಲಿನ ಮೆಟ್ಟಿಲಿಗೇ ಹಚ್ಚಿದ. ಎರಡನೆಯವನು ನಡುವಿನ ಮೆಟ್ಟಿಲಿಗೆ ಹಚ್ಚಿದ. ಮೂರನೆಯವನು ನೀರು ತಾಗುವ ಕೊನೆಯ ಮೆಟ್ಟಿಲಿಗೆ ಹಚ್ಚಿದ.

ದಫೇದಾರ ರಣೋಜಿ ಸುಣ್ಣ ಹಿಡಿದು ಮೇಲೆ ನೋಡಿದ, ಕೆಳಗೆ ನೋಡಿದ. ಆಮೇಲೆ ಮಲ್ಲಿನಾಥನ ಕಿವಿಯ ಹತ್ತಿರ ಬಾಗಿದ.

“ನಮ್ಮ ಹುಡುಗರು ಯಾವುದನ್ನು ತೋರಿಸಿದರು?”

ಮೆಲ್ಲಗೇ ಕೇಳಿದ್ದ. ಆದರೂ ಹತ್ತಿರ ನಿಂತವರಿಗೆ ಕೇಳಿಸಿತು. ನಗು ಹಿಂದಿನ ಸಾಲಿನವರೆಗೂ ಹೋಯಿತು. ರಣೋಜಿ ಅವಸರದಲ್ಲಿ ಕೈಗೆ ಸಿಕ್ಕ ಮೆಟ್ಟಿಲಿಗೆ ಹಚ್ಚಿ ಹೋದ.

ಆಮೇಲೆ ಐವರು ಒಬ್ಬೊಬ್ಬರಾಗಿ ಬಂದರು. ಐವರೂ ನೀರಿನಿಂದ ನಾಲ್ಕನೆಯ ಮೆಟ್ಟಿಲಿಗೆ ಇಳಿದರು. ಈರಮ್ಮಜ್ಜಿ ಸುಣ್ಣ ಹಚ್ಚಿದ್ದಲ್ಲದೆ, ಕಲ್ಲಿನ ಸಂದಿಯೊಳಗೆ ಉಗುರು ಹಾಕಿ ಒಂದು ಹಸಿರು ಗಾಜಿನ ಚೂರು ತೆಗೆದಳು.

“ಆಕಿ ಬಳಿ. ಹಗ್ಗ ಹಿಡಕೊಂಡು ಇಲ್ಲೇ ನಿಂತಿದ್ಲು.”

ಮಲ್ಲಿನಾಥ ಎಲ್ಲರನ್ನೂ ಮೆಟ್ಟಿಲ ಹತ್ತಿರ ಕರೆಸಿದ. ಬರೆದುಕೊಂಡಿದ್ದನ್ನು ನೋಡಿ ಒಂಬತ್ತು ಗುರುತುಗಳನ್ನೂ ಮತ್ತೆ ಸುಣ್ಣದಲ್ಲಿ ಹಚ್ಚಿದ.

ಒಂದೇ ಮಾತು ಆಡಿದ ನಾಲ್ವರು ನಾಲ್ಕು ಮೆಟ್ಟಿಲ ಮೇಲಿದ್ದರು. ಐದು ಮಾತು ಆಡಿದ ಐವರು ಒಂದೇ ಮೆಟ್ಟಿಲ ಮೇಲಿದ್ದರು. ಓದು ಬಾರದವರಿಗೂ ಅದು ದೂರದಿಂದ ಕಾಣುತ್ತಿತ್ತು.

ಮೂವರು ಪೇದೆಗಳಲ್ಲಿ ವಯಸ್ಸಾದವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಆ ಹೇಳಿಕೆಯನ್ನ ದಫೇದಾರ್ರೇ ನಮಗ ಬಾಯಿಪಾಠ ಮಾಡಿಸಿದ್ರು, ಅಪ್ಪಾರ. ಮೆಟ್ಟಿಲು ಯಾವುದು ಅನ್ನೋದನ್ನ ಹೇಳಿಕೊಡೋದು ಮರತ್ರು.”

ದಡದ ಮೇಲೆ ಎದ್ದ ಕೂಗಿಗೆ ಮರದ ಕೊಕ್ಕರೆಗಳೆಲ್ಲ ಹಾರಿಹೋದವು.

ಪಂಚರು ಅಲ್ಲೇ ತೀರ್ಮಾನ ಹೇಳಿದರು. ರಣೋಜಿಯ ಲಾಠಿಯನ್ನೂ ಹುದ್ದೆಯನ್ನೂ ಕಿತ್ತುಕೊಂಡರು. ಎಳೆದುಕೊಂಡು ಹೋಗಿದ್ದ ಪೇದೆಗಳೇ ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದರು. ಹುಲಿಗೆವ್ವ ಅದರ ಸುತ್ತ ಒಂದು ಸಲ ಬಂದಳು, ಎಡಗೈಯಿಂದ ತಟ್ಟಿ ನೋಡಿದಳು, ಆಮೇಲೆ ಜೋರಾಗಿ ಅತ್ತಳು. ಅವಳು ಅತ್ತದ್ದು ಸಂತೋಷಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು.

ಮಾರನೆಯ ದಿನ ಆಚೆ ದಡದ ಊರಿನಿಂದ ಇನ್ನೊಂದು ದೂರು ಬಂತು. ಗುರು ಶಿಷ್ಯರು ನದಿ ದಾಟಲು ಹೊರಟರು.

ಮೆಟ್ಟಿಲ ಮೇಲೆ ಉದ್ದನೆಯ ಸಾಲಿತ್ತು. ಹುಲಿಗೆವ್ವ ಎಡಗೈಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಅವಳ ತಂಗಿ ಹುಟ್ಟು ಹಿಡಿದಿದ್ದಳು. ಹರಿಗೋಲಿನಲ್ಲಿ ಜನ ಆಗಲೇ ಕೂತಿದ್ದರು.

ಮಲ್ಲಿನಾಥನ ಎದೆ ಹೆಮ್ಮೆಯಿಂದ ತುಂಬಿತ್ತು. ಅವನು ಎರಡೂ ಕೈ ಬೀಸುತ್ತ ಮುಂದೆ ನುಗ್ಗಿದ.

“ದಾರಿ ಬಿಡಿ, ದಾರಿ ಬಿಡಿ! ಗುರುಗಳು ದಾಟಬೇಕು!”

ಜನ ಕೈಮುಗಿದು ಸರಿದರು. ಹರಿಗೋಲಿನಲ್ಲಿ ಕೂತವರು ಇಳಿಯಲು ಎದ್ದು ನಿಂತರು. ಹುಲಿಗೆವ್ವ ಹಗ್ಗವನ್ನೇ ನೋಡುತ್ತಿದ್ದಳು.

ಮಲ್ಲಿನಾಥ ತಿರುಗಿ ನೋಡಿದ. ಹಿಂದೆ ಗುರುಗಳಿರಲಿಲ್ಲ. ಅವರು ಸಾಲಿನ ಕೊನೆಯಲ್ಲಿ, ಮಡಕೆಗಳ ಹೊರೆ ಹೊತ್ತ ಒಬ್ಬ ಮುದುಕನ ಹಿಂದೆ ನಿಂತಿದ್ದರು.

“ಮಲ್ಲಿನಾಥ,” ಎಂದು ಅಲ್ಲಿಂದಲೇ ಕರೆದರು, “ನಿನ್ನ ಜಾಗ ನನ್ನ ಹಿಂದೆ ಇದೆ, ಬಾ.”