ಹೊಳೆಯಾಚೆಯ ಒಲೆಗಳು

"ಹೊಳೆಯಾಚೆ ವೈರಿಯ ದಂಡು ಕೂಡುತ್ತಿದೆ. ಹುಣ್ಣಿಮೆಗೆ ನಮ್ಮ ದಂಡು ಹೊಳೆ ದಾಟುತ್ತದೆ. ಅಷ್ಟರೊಳಗೆ ಅರಸರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನು ಗುರಾಣಿಯಿಲ್ಲದೆ ಮೊದಲ ಸಾಲಿನಲ್ಲಿ ನಿಂತು ಸಾಯಬೇಕು."

ಕೋಡುಗಲ್ಲಿನ ಅರಸ ಸೋಮರಾಜ ಹೀಗೆ ಡಂಗುರ ಹೊಡೆಸಿದ. ಮೊದಲ ಸಾಲಿನಲ್ಲಿ ಅರಸರು ಎಂದೂ ನಿಲ್ಲುವುದಿಲ್ಲ. ಬಡವರ ಮಕ್ಕಳ ದಿನದ ಪಾಡು ಅವರಿಗೆ ಶಿಕ್ಷೆಯಾಗಿ ಕಾಣುತ್ತದೆ.

ಹೊಳೆ ದಾಟುವ ಕಡವಿನಲ್ಲಿ ಕಾವಲಿದ್ದ ಗಾಳೆಪ್ಪನಿಗೂ ಸುದ್ದಿ ಮುಟ್ಟಿತು. ಅವನ ಊರು ಈಚೆ ದಡದಲ್ಲೇ. ಯುದ್ಧ ಬರುತ್ತದೆಂದು ಸರ್ಕಾರ ನಲವತ್ತು ಮನೆಯವರನ್ನೂ ಎಬ್ಬಿಸಿ ಗುಡ್ಡದಾಚೆ ಅಟ್ಟಿತ್ತು. ಅವನೊಬ್ಬನನ್ನು ಉಳಿಸಿಕೊಂಡಿತ್ತು, ಸತ್ತರೆ ಕೇಳುವವರಿಲ್ಲ ಎಂದು. ಮೂರು ತಿಂಗಳಿಂದ ಅವನು ಯಾರೊಂದಿಗೂ ಮಾತಾಡಿರಲಿಲ್ಲ. ಆಚೆ ಕಡವಿನಲ್ಲೂ ಒಬ್ಬನೇ ಕಾವಲುಗಾರ, ಅವರ ದಂಡು ಅವನ ಹಿಂದಿನ ಬಯಲಿನಲ್ಲಿ. ಸಂಜೆ ಅವನ ಒಲೆಯ ಹೊಗೆ ಎದ್ದರೆ ಗಾಳೆಪ್ಪ ತನ್ನ ಒಲೆ ಹೊತ್ತಿಸುತ್ತಿದ್ದ. ಅದೇ ಅವರ ಮಾತುಕತೆ.

ಬೀಗ ಹಾಕಿದ ಬಾಗಿಲುಗಳನ್ನು ನೋಡಿ ನೋಡಿ ಸಾಕಾಗಿ ಅವನು ಅರಮನೆಗೆ ನಡೆದ.

ಅಲ್ಲಿ ಆಗಲೇ ಇಬ್ಬರು ಸೋತಿದ್ದರು. ಆಸ್ಥಾನದ ಪಂಡಿತ ಮೊದಲ ಒಗಟಿಗೆ ಜೊಂಡುಹುಲ್ಲು ಎಂದಿದ್ದ. ದಳಪತಿಯ ಮಗ ಎರಡನೆಯದನ್ನೇ ಮೊದಲು ಬಿಡಿಸುತ್ತೇನೆಂದು ಹೊರಟು ಮದುವೆಯ ದಿಬ್ಬಣ ಎಂದಿದ್ದ. ಇಬ್ಬರ ಕಾಲಿಗೂ ಸಂಕೋಲೆ ಬಿದ್ದಿತ್ತು.

"ನೀನೇನೋ, ಮೈಗೆ ಅಂಗಿಯಿಲ್ಲ, ಒಗಟು ಬಿಡಿಸ್ತೀಯಾ?" ಎಂದು ಮಂತ್ರಿ ನಕ್ಕ.

"ಅಂಗಿ ಇದ್ದೋರು ಬಿಡಿಸಿದ್ದನ್ನ ನೋಡಿದೆನಲ್ಲ, ಬುದ್ಧಿ" ಎಂದ ಗಾಳೆಪ್ಪ.

ಅರಸ ಮೊದಲನೆಯದನ್ನು ಕೇಳಿದ. "ಬಿತ್ತಿದವರಿಲ್ಲ. ಹೊಳೆಯ ಎರಡೂ ದಡದಲ್ಲಿ ಒಂದೇ ದಿನ ಮೊಳೆಯುತ್ತದೆ. ಇಲ್ಲಿ ಗೇಣು ಬೆಳೆದರೆ ಅಲ್ಲಿ ಮೊಳ ಬೆಳೆಯುತ್ತದೆ. ಏನದು?"

"ಹೆದರಿಕೆ. ನಾವು ಹತ್ತು ಈಟಿ ಮಸೆದರೆ ಅವರು ಇಪ್ಪತ್ತು ಮಸೀತಾರೆ."

"ಹೋಗುವಾಗ ಹಾಡುತ್ತ ಹೋಗುತ್ತದೆ, ದಾರಿ ಸಾಲದು. ಬರುವಾಗ ಸದ್ದಿಲ್ಲ, ಅದೇ ದಾರಿ ಖಾಲಿ."

"ದಂಡು, ಬುದ್ಧಿ. ನಮ್ಮಪ್ಪ ಹಾಡ್ತಾ ಹೋಗಿದ್ದ."

ಎರಡೂ ಸರಿಯಾಗಿದ್ದವು. ಅರಸ ದನಿ ತಗ್ಗಿಸಿದ. ಮೊದಲೆರಡು ಒಗಟು ತಾಯಿ ಸಾಯುವಾಗ ತನಗೆ ಹಾಕಿದ್ದು, ಮೂರನೆಯದು ಮಾತ್ರ ತನ್ನದು, ಅದರ ಉತ್ತರ ತನಗೂ ಗೊತ್ತಿಲ್ಲ ಎಂದ. "ಆಚೆ ದಡದಲ್ಲಿ ಸಂಜೆಗೆ ನಾಲ್ಕು ಸಾವಿರ ಒಲೆ ಉರಿಯುತ್ತವೆ. ಅವುಗಳ ಸುತ್ತ ಎಷ್ಟು ಜನ?"

ಮಂತ್ರಿ ಇದಕ್ಕೆ ಮೊದಲೇ ಲೆಕ್ಕ ಕೊಟ್ಟಿದ್ದ. ಅರಮನೆಯ ಅಡುಗೆಮನೆಯಲ್ಲಿ ಒಂದು ಒಲೆಗೆ ಹತ್ತು ಜನ ಉಣ್ಣುತ್ತಾರೆ, ಹಾಗಾಗಿ ನಲವತ್ತು ಸಾವಿರ.

"ನಾಲ್ಕೇ ಸಾವಿರ" ಎಂದ ಗಾಳೆಪ್ಪ. "ದಿನಾ ನೋಡ್ತೀನಿ. ಅಲ್ಲಿ ಒಬ್ಬನ ಒಲೆಯದು ಇನ್ನೊಬ್ಬನ ಜಾತಿಗೆ ಆಗೋದಿಲ್ಲ. ಒಬ್ಬೊಬ್ಬನೂ ಮೂರು ಕಲ್ಲಿಟ್ಟು ಬೇರೆ ಬೇಯಿಸ್ತಾನೆ, ಬೆನ್ನು ತಿರುಗಿಸಿ ಉಣ್ತಾನೆ. ನಂಬಿಕೆ ಬರದಿದ್ರೆ ಕಿಟಕಿ ತೆಗೆದು ನಮ್ಮ ದಂಡನ್ನೇ ನೋಡಿ, ಬುದ್ಧಿ."

ಸಂಜೆಯಾಗಿತ್ತು. ಕೋಟೆಯ ಕೆಳಗೆ ಬಯಲು ತುಂಬ ಒಲೆಗಳು. ನಮ್ಮವರು ಎಷ್ಟು ಜನ ಎಂದು ಅರಸ ದಳಪತಿಯನ್ನು ಕೇಳಿದ. ಮೂರು ಸಾವಿರ ಎಂದ. ಒಲೆಗಳೆಷ್ಟು ಎಂದು ಕೇಳಿದ. ದಳಪತಿ ಕಿಟಕಿಯಿಂದ ಬಗ್ಗಿ ನೋಡಿ, ಅವೂ ಅಷ್ಟೇ ಎಂದ.

"ಹಾಗಾದರೆ ಆಚೆಯ ಅರಸನ ಕಣ್ಣಿಗೆ ನಾವು..." ಎಂದ ಅರಸ.

"ಮೂವತ್ತು ಸಾವಿರ. ಅವರೂ ನಡುಗ್ತಿದ್ದಾರೆ. ಒಟ್ಟಿಗೆ ಉಣ್ಣೋಕೆ ಆಗದೋರು ಒಟ್ಟಿಗೆ ಸಾಯೋಕೆ ಹೊರಟಿದ್ದಾರೆ."

ಅರಸ ಆಚೆ ದಡಕ್ಕೆ ಒಂದು ಓಲೆ ಕಳಿಸಿದ. ಅದರಲ್ಲಿ ತನ್ನ ದಂಡಿನ ನಿಜವಾದ ಎಣಿಕೆ ಮಾತ್ರ ಇತ್ತು. ನಾಲ್ಕನೆಯ ದಿನ ಅವರ ಎಣಿಕೆಯೂ ಬಂತು: ನಾಲ್ಕು ಸಾವಿರಕ್ಕೆ ಇಪ್ಪತ್ತು ಕಡಿಮೆ. ಹೆದರಿಕೆ ಇಳಿದು ಎರಡೂ ದಂಡು ಬಿಡಾರ ಕಿತ್ತು ಹಿಂದಿರುಗಿದವು. ಸೋತ ಇಬ್ಬರ ಸಂಕೋಲೆ ಕಳಚಿತು.

ಗಾಳೆಪ್ಪ ಹೊನ್ನು ಕೇಳಲಿಲ್ಲ. ತನ್ನ ಊರಿನವರು ಮರಳಬೇಕು ಎಂದ, ಜೊತೆಗೆ ಒಂದು ದಂಡೇ ಉಣ್ಣುವಷ್ಟು ದೊಡ್ಡ ಹಂಡೆ ಬೇಕು ಎಂದ. ಎರಡೂ ಸಿಕ್ಕಿದವು.

ಊರವರು ಬಂದರು, ಬೀಗ ತೆಗೆದರು. ಸಂಜೆ ನಲವತ್ತು ಮನೆಯಿಂದ ನಲವತ್ತು ಹೊಗೆ ಎದ್ದವು. ಗಾಳೆಪ್ಪ ಕಡವಿನಲ್ಲಿ ಹಂಡೆಯಿಟ್ಟು ಅಕ್ಕಿ ಬೇಯಿಸಿ ಎಲ್ಲರನ್ನೂ ಕೂಗಿದ. ಯಾರೂ ಬರಲಿಲ್ಲ. ಅವನು ಹಂಡೆಯ ಪಕ್ಕ ಒಬ್ಬನೇ ಕೂತ.

ಹೊಳೆಯಲ್ಲಿ ನೀರು ಕಲಕಿದ ಸದ್ದಾಯಿತು. ಆಚೆ ದಡದ ಕಾವಲುಗಾರ ಎದೆಮಟ್ಟದ ನೀರಿನಲ್ಲಿ ತಲೆಯ ಮೇಲೆ ಬೇಳೆಯ ಗಂಟು ಹೊತ್ತು ಬರುತ್ತಿದ್ದ. ಬಂದವನು ಗಂಟು ಬಿಚ್ಚಿ ಹಂಡೆಗೆ ಸುರಿದು ಎದುರು ಕೂತ.

ಅಂದು ಸಂಜೆ ಹೊಳೆಯ ಎರಡು ದಡ ಸೇರಿ ಒಂದು ಹೊಗೆ ಕಡಿಮೆಯಾಯಿತು.